ಅಳತೆಗೆ ಕಳಿಸಿದ ಅಂಗಿ

ನೆವಾರ್ಕ್, ಕ್ಯಾಲಿಫೋರ್ನಿಯಾ
9 ಮಾರ್ಚ್ 1986

ಚಿ. ಇಂದುಗೆ,

'ಚಿ.' ಎಂದು ಬರೆದ ಮೇಲೆ ಕೈ ಅಭ್ಯಾಸದಂತೆ ಮುಂದಿನ ಅಕ್ಷರಕ್ಕೆ ಹೋಯಿತು. ಅಲ್ಲೇ ನಿಲ್ಲಿಸಿದೆ. ಆ ಜಾಗದಲ್ಲಿ ಒಂದು ಚುಕ್ಕೆ ಬಿದ್ದಿದೆ, ಮಸಿ ಸೋರಿತು ಅಂದುಕೋ.

ನಿನ್ನ ಕಾಗದ ಬಂದ ದಿನ ನಿನ್ನ ಹಾಸಿಗೆಯನ್ನು ಹಿತ್ತಲ ಬಿಸಿಲಿಗೆ ಹಾಕಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿಯವರು ಬಟ್ಟೆ ಸರಿಯಾಗಿ ಹೊಲಿಯುತ್ತಾರೋ ಇಲ್ಲವೋ ನೋಡಿಕೊಂಡು ಬಾ ಎಂದು ಆರು ತಿಂಗಳಿಗೆ ತಾನೇ ನಿನ್ನನ್ನು ಚೀನಾಕ್ಕೆ ಕಳಿಸಿದ್ದು? ಆರು ತಿಂಗಳು ಮುಗಿಯಿತು, ಇನ್ನೇನು ಬರುತ್ತಾಳೆ ಅಂದುಕೊಂಡಿದ್ದೆ. ಕೆಲಸ ಬಿಟ್ಟೆ, ಗ್ವಾಂಗ್‌ಜೌ ಊರಿನಲ್ಲೇ ಸ್ವಂತ ಸ್ಟುಡಿಯೋ ಇಟ್ಟಿದ್ದೇನೆ ಎಂದು ಬರೆದಿದ್ದೀಯ. ಓದಿ ಮುಗಿಸಿ ಹಾಸಿಗೆ ಒಳಗೆ ತಂದಾಗ ಅದಿನ್ನೂ ಬೆಚ್ಚಗಿತ್ತು. ಹಾಸಿ, ಮೇಲೆ ಚಾದರ ಹೊದಿಸಿ ಬಂದೆ.

ಸ್ಟುಡಿಯೋ ಅಂದರೆ ನಾನು ಫೋಟೋ ತೆಗೆಯುವ ಜಾಗ ಅಂದುಕೊಂಡೆ. ಮದ್ದೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಒಂದಿತ್ತು, ಪರದೆಯ ಮೇಲೆ ತಾಜ್ ಮಹಲ್ ಬರೆದಿದ್ದರು. "ಇವಳು ಫೋಟೋ ತೆಗೆಯೋದು ಯಾವಾಗ ಕಲಿತಳೇ?" ಎಂದು ಪದ್ಮಜಾನ ಕೇಳಿದೆ. ನಿನ್ನ ನಾದಿನಿಗೆ ನಗುವುದಕ್ಕೆ ಅಷ್ಟು ಸಾಕು.

"ಅಮ್ಮಾ, ಅದು ಫ್ಯಾಷನ್ ಡಿಸೈನ್ ಸ್ಟುಡಿಯೋ. ಅವಳೇ ಡಿಸೈನ್ ಮಾಡ್ತಾಳೆ, ಅವಳೇ ಹೊಲಿಸ್ತಾಳೆ, ಅವಳೇ ಮಾರ್ತಾಳೆ."

"ಹಂಗಾದ್ರೆ ಟೈಲರ್ ಅಂಗಡಿ ಅನ್ನು."

"ಹಾಗೆಲ್ಲ ಬರೀಬೇಡಮ್ಮ, ಬೇಜಾರು ಮಾಡ್ಕೋತಾಳೆ."

ನೀನು ಬೇಜಾರು ಮಾಡಿಕೊಳ್ಳುವುದಿಲ್ಲ, ಆದ್ದರಿಂದ ಬರೆದಿದ್ದೇನೆ.

ಮಳೆ ನಿಂತಿದೆ. ಕೊಲ್ಲಿಯ ದಂಡೆಯ ಉಪ್ಪಿನ ಗುಡ್ಡೆಗಳು ತೊಳೆದ ಹಾಗೆ ಬೆಳ್ಳಗಾಗಿವೆ. ಬರುವ ತಿಂಗಳಿಗೆ ಮಗ ಹೋಗಿ ವರ್ಷವಾಗುತ್ತದೆ, ಜಯರಾಮನ ತಿಥಿ. ಇಲ್ಲೇ ಪದ್ಮಜಾ ಮನೆಯಲ್ಲಿ ಮಾಡುತ್ತೇವೆ. ನೀನು ಅಲ್ಲಿಂದಲೇ ಒಂದು ದೀಪ ಹಚ್ಚು, ಅದಕ್ಕೋಸ್ಕರ ಇಷ್ಟು ದೂರ ಬರಬೇಕಾಗಿಲ್ಲ. ಅಲ್ಲಿ ಊಟಕ್ಕೆ ಏನು ಮಾಡುತ್ತೀಯ ಅಂತ ಎರಡು ಪತ್ರದಿಂದ ಕೇಳುತ್ತಿದ್ದೇನೆ. ಅದಕ್ಕೆ ಮಾತ್ರ ಉತ್ತರ ಬರುವುದಿಲ್ಲ.

ನಿನ್ನ ಅತ್ತೆ,
ಗೌರಮ್ಮ

---

ಗ್ವಾಂಗ್‌ಜೌ
2 ಏಪ್ರಿಲ್ 1986

ಪ್ರೀತಿಯ ಅತ್ತೆಗೆ,

ಊಟದ ವಿಷಯ ಮೊದಲು ಬರೆಯುತ್ತೇನೆ. ಅನ್ನ ಇಲ್ಲಿ ನಮ್ಮ ಹಾಗೆಯೇ ಮೂರು ಹೊತ್ತೂ ಉಂಟು. ಬೆಳಿಗ್ಗೆ ಗಂಜಿ. ಸೊಪ್ಪು ಬೇಕಾದಷ್ಟು. ಖಾರ ಮಾತ್ರ ಇಲ್ಲ, ಹುಡುಕಿದರೂ ಇಲ್ಲ.

ನೀವು ಹೇಳಿದ್ದೇ ಸರಿ, ಇದು ಟೈಲರ್ ಅಂಗಡಿಯೇ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಲೈಸೆನ್ಸು ನನ್ನ ಜೊತೆಗಾತಿ ಆ-ಫಾಂಗ್ ಹೆಸರಿನಲ್ಲಿದೆ. ಸರ್ಕಾರಿ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವಳು, ಈಗ ಸ್ವಂತ ಅಂಗಡಿ ಇಡುವುದಕ್ಕೆ ಬಿಡುತ್ತಾರೆಂದು ಧೈರ್ಯ ಮಾಡಿದಳು. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಹೊಲಿಗೆ ಹೆಂಗಸರ ಜೊತೆ ಕೂತು ನಾನು ಕಲಿತ ಮುರುಕು ಭಾಷೆ ಅವಳಿಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಬೈಯುತ್ತಾಳೆ, ಅದು ನನಗೆ ಅರ್ಥವಾಗುತ್ತದೆ.

ಬಜಾರಿನವರಿಗೆ ಸ್ಕರ್ಟು ಹೊಲಿದುಕೊಟ್ಟು ಬಾಡಿಗೆ ಹುಟ್ಟಿಸುತ್ತೇವೆ. ಮಿಕ್ಕ ಹೊತ್ತಿನಲ್ಲಿ ನಮ್ಮ ಸ್ವಂತ ಡಿಸೈನು. ತೊಂದರೆ ಏನೆಂದರೆ, ನಾವು ಚೆಂದದ್ದೊಂದು ಹೊಲಿದು ಕಿಟಕಿಗೆ ನೇತುಹಾಕಿದರೆ ಎರಡೇ ದಿನಕ್ಕೆ ಪಕ್ಕದ ಬೀದಿಯಲ್ಲಿ ಅದರ ನಕಲು ನೇತಾಡುತ್ತದೆ. ಅದೂ ಕಡಿಮೆ ಬೆಲೆಗೆ. ಯಾರಿಗೂ ನಕಲು ಮಾಡಲು ಬಾರದ ಒಂದು ಕಟಿಂಗು ನಮಗೆ ಬೇಕು. ಅಕ್ಟೋಬರಿನಲ್ಲಿ ಇಲ್ಲಿ ದೊಡ್ಡ ವ್ಯಾಪಾರ ಮೇಳ, ಹೊರದೇಶದವರೆಲ್ಲ ಬರುತ್ತಾರೆ. ಕೋಣೆಗಳ ಕರಾರೂ ಆ ತಿಂಗಳ ಕೊನೆಗೇ ಮುಗಿಯುತ್ತದೆ. ಅಷ್ಟರಲ್ಲಿ ಆರ್ಡರು ಸಿಕ್ಕಿದರೆ ಉಳಿಯುತ್ತೇನೆ. ಇಲ್ಲದಿದ್ದರೆ ಬಾಗಿಲು ಹಾಕಿ ನೆವಾರ್ಕಿಗೆ ಬಂದುಬಿಡುತ್ತೇನೆ, ಹಳೆಯ ಕಂಪನಿಯವರು ಮತ್ತೆ ಕರೆದುಕೊಳ್ಳುತ್ತಾರಂತೆ. ಆಗ ಹಾಸಿಗೆ ಮತ್ತೊಂದು ಸಲ ಬಿಸಿಲಿಗೆ ಹಾಕಿ.

ನಿಮಗಾಗಿ ಒಂದು ಬಟ್ಟೆ ತೆಗೆದಿಟ್ಟಿದ್ದೇನೆ. ಇಲ್ಲಿನ ಹಳ್ಳಿಗಳಲ್ಲಿ ರೇಷ್ಮೆಯನ್ನು ಒಂದು ಗೆಡ್ಡೆಯ ರಸದಲ್ಲಿ ಮತ್ತೆ ಮತ್ತೆ ಅದ್ದಿ, ಹೊಳೆಯ ಕೆಸರು ಬಳಿದು, ಹುಲ್ಲಿನ ಮೇಲೆ ಒಣಗಿಸುತ್ತಾರೆ. ಒಂದು ಮೈ ಕಪ್ಪು, ಇನ್ನೊಂದು ಮೈ ರಾಗಿ ಮುದ್ದೆಯ ಬಣ್ಣ. ಉಟ್ಟಷ್ಟೂ ಮೆತ್ತಗಾಗುತ್ತದಂತೆ. ಒಂದು ಅಳತೆ ರವಿಕೆ ಕಳಿಸಿ, ನಿಮಗೆ ರವಿಕೆ ಹೊಲಿಯುತ್ತೇನೆ. ಈ ಪದ್ಧತಿ ಆ-ಫಾಂಗ್‌ಗೆ ಹೊಸದು. "ಟೇಪು ಹಿಡಿಯೋ ಬದಲು ಹಳೇ ಬಟ್ಟೆ ಕೊಡ್ತಾರಾ?" ಎಂದಳು. ಹೌದು, ನಮ್ಮಲ್ಲಿ ಅಳತೆಗೆ ಕೊಟ್ಟ ಬಟ್ಟೆ ಹೇಗಿದೆಯೋ ಹಾಗೇ ಹೊಲಿಯಬೇಕು, ಒಂದು ನೂಲು ಆಚೀಚೆ ಆದರೂ ಬೈಸಿಕೊಳ್ಳಬೇಕು ಎಂದೆ. ಗಂಡನ ತಾಯಿಗೆ ಇಲ್ಲಿ 'ನೈನೈ' ಅನ್ನುತ್ತಾರೆ. ನೈನೈ ಬಟ್ಟೆ ಯಾವಾಗ ಬರುತ್ತೆ ಎಂದು ದಿನಾ ಕೇಳುತ್ತಾಳೆ.

ತಿಥಿಯ ದಿನ ದೀಪ ಹಚ್ಚುತ್ತೇನೆ.

ನಿಮ್ಮ
ಇಂದು

---

ನೆವಾರ್ಕ್
18 ಮೇ 1986

ಚಿ. ಇಂದುಗೆ,

ಖಾರ ಇಲ್ಲ ಎಂದು ಬರೆದಿದ್ದೆಯಲ್ಲ, ಚಟ್ನಿಪುಡಿ ಮಾಡಿ ಪಾರ್ಸೆಲ್ ಕಳಿಸಿದ್ದೇನೆ. ಹುರಿಯುವಾಗ ಮನೆಯೆಲ್ಲ ಘಾಟು. ಹೊಗೆ ಕಂಡರೆ ಕೂಗುವ ಆ ಯಂತ್ರ ಕೂಗಿಕೊಂಡಿತು, ಪದ್ಮಜಾನ ಮಗಳು ಮಿನಿ ಕಿವಿ ಮುಚ್ಚಿಕೊಂಡು ರಸ್ತೆಗೆ ಓಡಿದಳು. ನಿನ್ನ ಹೆಸರಿನಲ್ಲಿ ಇಷ್ಟೆಲ್ಲ ಆಯಿತು.

ತಿಥಿ ಚೆನ್ನಾಗಿ ನಡೆಯಿತು. ಆಮೇಲೆ ಪದ್ಮಜಾ ಗ್ಯಾರೇಜಿನಲ್ಲಿದ್ದ ಜಯನ ಪೆಟ್ಟಿಗೆಗಳನ್ನು ತೆಗೆದಳು. ಚರ್ಚಿನವರು ಬಡವರಿಗೆಂದು ಬಟ್ಟೆ ತೆಗೆದುಕೊಂಡು ಹೋಗುತ್ತಾರೆ, ಮಡಿಸಿ ಚೀಲಕ್ಕೆ ತುಂಬಿದೆವು. ಪ್ಯಾಂಟು, ಕೋಟು, ಅಂಗಡಿಯಿಂದ ತಂದ ಅಂಗಿಗಳು. ಎಲ್ಲ ಹೋದವು. ಎಲ್ಲ ಅಂದರೆ ಹೆಚ್ಚುಕಡಿಮೆ ಎಲ್ಲ.

ಅಳತೆ ರವಿಕೆ ಈಗ ಬೇಡ, ಮುಂದೆ ನೋಡೋಣ. ನನಗೆ ಹೊಸದೇನೂ ಬೇಕಾಗಿಲ್ಲ. ಸಾದಾ ಡ್ರೈಕ್ಲೀನಿಂಗ್ ಅಂಗಡಿಗೆ ಹೋಗಿ ಬೇರೆಯವರ ಪ್ಯಾಂಟಿನ ಕಾಲು ಮಡಿಸಿ ಹೊಲಿದುಕೊಟ್ಟು ಬರುವವಳಿಗೆ ಚೀನಾದ ರೇಷ್ಮೆ ಯಾಕೆ? ಅದನ್ನು ಮಾರುವುದಕ್ಕೆ ಏನಾದರೂ ಹೊಲಿ.

ಪುಡಿ ಗಾಜಿನ ಬಾಟಲಿನಲ್ಲಿದೆ. ಒಡೆಯದಿರಲಿ ಅಂತ ಬಟ್ಟೆ ಸುತ್ತಿದ್ದೇನೆ. ಆ ಬಟ್ಟೆ ವಾಪಸು ಕಳಿಸಬೇಡ.

ಅತ್ತೆ,
ಗೌರಮ್ಮ

---

ಗ್ವಾಂಗ್‌ಜೌ
13 ಜುಲೈ 1986

ಅತ್ತೆ,

ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಎರಡು ಸಲ ಹರಿದುಹಾಕಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ವೀಸಾ ಮುದ್ರೆಗೆಂದು ಆಗಾಗ ನಾನು ಹಾಂಗ್‌ಕಾಂಗ್‌ಗೆ ಹೋಗಿಬರಬೇಕು. ನಾನಿಲ್ಲದ ಆ ನಾಲ್ಕಾರು ದಿನದಲ್ಲಿ ನಿಮ್ಮ ಪಾರ್ಸೆಲ್ ಬಂತು. ಪತ್ರ ತಡವಾಯಿತು, ಪಾರ್ಸೆಲ್ ಮೊದಲು ಬಂತು. ಆ-ಫಾಂಗ್ ಬಿಚ್ಚಿದಳು. ಬಾಟಲಿಗೆ ಸುತ್ತಿದ ಬಟ್ಟೆ ಕಂಡಳು. ನೈನೈಯ ಅಳತೆ ಬಟ್ಟೆ ಬಂತು ಅಂದುಕೊಂಡಳು.

ನಾನು ಮೆಟ್ಟಿಲು ಹತ್ತಿ ಬಂದಾಗ ಅದು ಕಿಟಕಿಯ ಹತ್ತಿರ ಗೊಂಬೆಯ ಮೈಮೇಲಿತ್ತು. ನಿಮಗೆಂದು ತೆಗೆದಿಟ್ಟ ರಾಗಿ ಬಣ್ಣದ ರೇಷ್ಮೆಯಲ್ಲಿ ನಿಮ್ಮ ಮಗನ ಅಂಗಿ. ನೀವು ಮದ್ದೂರಿನಿಂದ ಬಂದ ವರ್ಷ ಅವರಿಗೆ ಹೊಲಿದುಕೊಟ್ಟ ಆ ನೀಲಿ ಗೀಟಿನ ಅಂಗಿಯ ತದ್ವತ್ತು. ಅದೇ ಕಾಲರು, ಅದೇ ಜೇಬು, ಕಫ್ಫಿನ ಒಳಗೆ ನೀವು ಹಾಕುವ ಅಡ್ಡಹೊಲಿಗೆ ಕೂಡ.

ಆ-ಫಾಂಗ್ ಸಡಗರದಲ್ಲಿದ್ದಳು. "ನಿನ್ನ ನೈನೈ ಎಷ್ಟು ದೊಡ್ಡ ಹೆಂಗಸೇ! ಕೈ ನೋಡು, ಎಷ್ಟುದ್ದ! ಪಾಪ, ಎಡಗಡೆ ಭುಜ ಇಳಿದುಹೋಗಿದೆ, ನೀರು ಹೊತ್ತೂ ಹೊತ್ತೂ ಇರಬೇಕು. ಗುಂಡಿ ಗಂಡಸರ ಕಡೆಗಿದೆ, ನಿಮ್ಮ ದೇಶದಲ್ಲಿ ಹಾಗೇ ಏನೋ ಅಂತ ಬದಲಾಯಿಸಲಿಲ್ಲ. ಒಂದು ನೂಲೂ ಆಚೀಚೆ ಮಾಡಿಲ್ಲ, ಬೈಬೇಡ ಮತ್ತೆ."

ನಾನು ಬೈಯಲಿಲ್ಲ. ತಾರಸಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುವವಳ ಹಾಗೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವಳೇ ಮೇಲೆ ಬಂದು, "ಗಂಡಸಿನದು, ಅಲ್ವಾ?" ಎಂದಳು. ಹೌದೆಂದೆ. ಆಮೇಲೆ ಇಬ್ಬರೂ ಗಂಜಿಗೆ ಚಟ್ನಿಪುಡಿ ಹಾಕಿಕೊಂಡು ತಿಂದೆವು. ಅವಳಿಗೆ ಕಣ್ಣಲ್ಲಿ ನೀರು ಬಂತು. ನನಗೂ ಬಂದದ್ದು ಅದರಲ್ಲಿ ಗೊತ್ತಾಗಲಿಲ್ಲ.

ಒಂದು ಒಪ್ಪಿಕೊಳ್ಳಬೇಕು. ಅವರ ಎಡಭುಜ ಇಳಿದಿತ್ತೆಂದು ನನಗೆ ಗೊತ್ತು. ಅಂಗಡಿಯಿಂದ ಯಾವ ಅಂಗಿ ತಂದರೂ ಸೊಟ್ಟ ಕಾಣುತ್ತಿತ್ತು. ನಿಮ್ಮ ಅಂಗಿಯಲ್ಲಿ ಮಾತ್ರ ನೆಟ್ಟಗೆ ಕಾಣುತ್ತಿದ್ದರು. ಬಟ್ಟೆ ಕತ್ತರಿಸುವುದನ್ನೇ ಓದಿದವಳು ನಾನು, ಯಾಕೆಂದು ಒಂದು ದಿನವೂ ಆ ಅಂಗಿಯನ್ನು ಒಳಮೈ ತಿರುಗಿಸಿ ನೋಡಲಿಲ್ಲ.

ಈಗ ನಿಜವಾದ ವಿಷಯ. ಹಾಂಗ್‌ಕಾಂಗ್‌ನಲ್ಲಿ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ಬಂದಿದ್ದಳು. ನಮ್ಮ ಬೇರೆ ಬಟ್ಟೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಈ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಅವಳ ಭುಜಗಳು ಸಮವಾಗಿವೆ. ಆದ್ದರಿಂದ ಕತ್ತಿನಿಂದ ಸೊಂಟದವರೆಗೆ ಒಂದು ಮಡಿಕೆ ಓರೆಯಾಗಿ ಇಳಿಯಿತು. ಇಂಥದ್ದು ಎಲ್ಲೂ ನೋಡಿಲ್ಲ, ನನ್ನ ಅಂಗಡಿಗೂ ಬೇಕು, ಅಕ್ಟೋಬರಿನ ಮೇಳಕ್ಕೆ ಬರುವವರನ್ನೂ ಕರೆತರುತ್ತೇನೆ ಎಂದಳು. ನಾನು ಇನ್ನೂ ಹೂಂ ಅಂದಿಲ್ಲ.

ಆ ಅಂಗಿ ನೀವು ಹೊಲಿದದ್ದು, ಅವರಿಗೆ ಹೊಲಿದದ್ದು. ನೀವು ಬೇಡ ಎಂದರೆ ಹೊಲಿಗೆ ಬಿಚ್ಚಿ ರೇಷ್ಮೆಯನ್ನು ಮಡಿಸಿಡುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಪತ್ರ ಬರುವವರೆಗೆ ಅದನ್ನು ಯಾರಿಗೂ ತೋರಿಸುವುದಿಲ್ಲ.

ನಿಮ್ಮ
ಇಂದು

---

ನೆವಾರ್ಕ್
10 ಆಗಸ್ಟ್ 1986

ಚಿ. ಇಂದುಗೆ,

ಪತ್ರ ತಲುಪಿತು. ಇಲ್ಲಿ ಟೊಮ್ಯಾಟೊ ಬೇಕಾದಷ್ಟು ಬಿಟ್ಟಿದೆ, ಹಂಚಿ ಸಾಕಾಗಿದೆ. ಮಿನಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನೀನು ಕೇಳಿದ್ದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ.

ಗೌರಮ್ಮ

---

ಗ್ವಾಂಗ್‌ಜೌ
1 ಸೆಪ್ಟೆಂಬರ್ 1986

ಅತ್ತೆ,

ಅವಸರ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಅಂಗಿ ಬೀರುವಿನಲ್ಲಿದೆ. ನಮ್ಮ ಬೇರೆ ಡಿಸೈನುಗಳು ಎಲ್ಲೂ ಹತ್ತಲಿಲ್ಲ. ಕರಾರು ಮುಂದುವರಿಸುವುದಿಲ್ಲವೆಂದು ಮನೆ ಮಾಲೀಕರಿಗೆ ಹೇಳಿಬಿಡೋಣವೆಂದು ಮೊನ್ನೆ ನಾನೇ ಅಂದೆ. ಆ-ಫಾಂಗ್ ಆ ದಿನವೆಲ್ಲ ಬಜಾರಿನ ಸ್ಕರ್ಟುಗಳನ್ನೇ ಹೊಲಿಯುತ್ತಾ ಕೂತಳು. ಬರುವುದಾದರೆ ದೀಪಾವಳಿಗೆ ಅಲ್ಲಿರುತ್ತೇನೆ. ಅದೂ ನನಗೆ ಸಂತೋಷವೇ. ನಿಜವಾಗಿ ಹೇಳುತ್ತಿದ್ದೇನೆ.

ಇಂದು

---

ನೆವಾರ್ಕ್
14 ಸೆಪ್ಟೆಂಬರ್ 1986

ಚಿ. ಇಂದುಗೆ,

ದೀಪಾವಳಿ ಅಂತ ಓದಿದ ಕೂಡಲೇ ನಾನು ಎದ್ದುಹೋಗಿ ಕಜ್ಜಾಯಕ್ಕೆ ಬೆಲ್ಲ ಇದೆಯೋ ಇಲ್ಲವೋ ನೋಡಿದೆ. ಇತ್ತು. ಡಬ್ಬಿ ಮುಚ್ಚಿ ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಬೇಡ ಎಂದು ಒಂದು ಮಾತು ಬರೆದರೆ ನೀನು ಬರುತ್ತೀಯ. ಈ ತಿಂಗಳೆಲ್ಲ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದೇನೆ.

ಜಯನಿಗೆ ಎಂಟು ವರ್ಷವಿದ್ದಾಗ ಕಬ್ಬಿನ ಗಾಡಿಯ ಮೇಲಿಂದ ಬಿದ್ದ. ಮೂಳೆ ಕಟ್ಟುವವನು ಕಟ್ಟಿದ, ಕೂಡಿಕೊಳ್ಳುವಾಗ ಸೊಟ್ಟ ಕೂಡಿತು. ಸ್ಕೂಲಿನಲ್ಲಿ ಹುಡುಗರು 'ತಕ್ಕಡಿ' ಅಂತ ಕರೆಯುತ್ತಿದ್ದರು. ಒಂದು ದಿನ ಅಳುತ್ತಾ ಬಂದ. ಆ ಸಂಜೆಯೇ ಅವನ ಅಂಗಿ ಬಿಚ್ಚಿ ಎಡಗಡೆ ಹೆಗಲು ಇಳಿಸಿ ಕತ್ತರಿಸಿದೆ, ಒಳಗೆ ಒಂದು ಪದರ ಬಟ್ಟೆ ಇಟ್ಟೆ. ಅದನ್ನು ಹಾಕಿಕೊಂಡು ಹೋದವನನ್ನು ಯಾರೂ ತಕ್ಕಡಿ ಅನ್ನಲಿಲ್ಲ. ಅಲ್ಲಿಂದ ಅವನು ಅಮೆರಿಕಕ್ಕೆ ಬರುವವರೆಗೂ ಹಾಗೆಯೇ ಹೊಲಿದೆ, ನಾನು ಇಲ್ಲಿಗೆ ಬಂದ ವರ್ಷ ಆ ನೀಲಿ ಗೀಟಿನದೊಂದು. ಯಾರಿಗೂ ಗೊತ್ತಾಗಬಾರದು ಅಂತಲೇ ಹೊಲಿದದ್ದು. ಹಾಗಾಗಿ ನಿನಗೂ ಗೊತ್ತಾಗಲಿಲ್ಲ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಗೊತ್ತಾಗಿದ್ದರೆ ನನ್ನ ಹೊಲಿಗೆ ಕೆಟ್ಟಿದೆ ಎಂದರ್ಥ.

ನೆಟ್ಟಗಿರುವವರ ಮೈಮೇಲೆ ಅದು ಹೇಗೆ ಚೆನ್ನಾಗಿ ಕಾಣುತ್ತದೆ ಎಂದು ನನಗೆ ನಂಬಿಕೆ ಬರಲಿಲ್ಲ. ಆದ್ದರಿಂದ ಹಳೆಯ ಬೆಡ್‌ಶೀಟು ತೆಗೆದುಕೊಂಡು, ನೆನಪಿನ ಮೇಲೆ ಕತ್ತರಿಸಿ, ಪದ್ಮಜಾಗೆ ಒಂದು ಹೊಲಿದೆ.

"ಅಮ್ಮಾ, ಇದೇನು, ಒಂದ್ ಕಡೆ ಜಾರ್ಕೊಂಡಿದೆ?"

"ಸುಮ್ನೆ ಹಾಕ್ಕೊಳೇ."

"ಇದನ್ ಹಾಕ್ಕೊಂಡು ಗ್ರೋಸರಿಗೆ ಹೋಗ್ಲಾ? ಜನ ನಗ್ತಾರೆ."

"ನಕ್ಕರೆ ನನಗೆ ಹೇಳು. ನನಗೆ ಅದೇ ಬೇಕು."

ಅವಳು ಒಂದು ಕಡೆಗೆ ವಾಲಿದ ಹಾಗೆ ಬಾಗಿಲ ಹತ್ತಿರ ನಿಂತಾಗ ನೋಡಿದೆ. ತಾನಾಗಿ ನಿಂತದ್ದಲ್ಲ, ಅಂಗಿ ಅವಳನ್ನು ಹಾಗೆ ನಿಲ್ಲಿಸಿತ್ತು. ಮಿನಿ ಏನೋ ಇಂಗ್ಲಿಷಿನಲ್ಲಿ ಅಂದಳು. ನಾನು ಇನ್ನೊಂದು ಸಲ ಹೇಳಿಸಿದೆ. ಅಮ್ಮ ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಾಳೆ ಎಂದು ಅದರ ಅರ್ಥವಂತೆ.

ಇಂದು, ಜಯ ಅಂಗಡಿಯ ಅಂಗಿ ಹಾಕಿಕೊಂಡು ನಿಂತರೆ ಹಾಗೆಯೇ ಕಾಣುತ್ತಿದ್ದ. ಅದನ್ನು ಮುಚ್ಚುವುದಕ್ಕೆ ನಾನು ಅಷ್ಟು ವರ್ಷ ಕಷ್ಟಪಟ್ಟೆ. ಚೆಂದವಾಗಿಯೇ ಇತ್ತು ಎಂದು ಮಗು ಹೇಳುವವರೆಗೆ ಗೊತ್ತಾಗಲಿಲ್ಲ.

ಗ್ರೋಸರಿಯಲ್ಲಿ ಯಾರೂ ನಗಲಿಲ್ಲ. ಬಿಲ್ಲು ಹಾಕುವ ಹುಡುಗಿ ಎಲ್ಲಿ ಕೊಂಡಿರಿ ಎಂದು ಕೇಳಿದಳಂತೆ. ಪದ್ಮಜಾ ಈಗ ಅದನ್ನು ಒಗೆಯುವುದಕ್ಕೂ ಬಿಚ್ಚಿಕೊಡುವುದಿಲ್ಲ.

ಹೊಲಿ. ಮಾರು. ಬೀರುವಿನಿಂದ ತೆಗೆದು ಕಿಟಕಿಗೆ ಹಾಕು. ಒಂದೇ ಮಾತು, ಯಾರು ಏನೇ ಹೇಳಿದರೂ ಆ ಹೆಗಲನ್ನು ನೆಟ್ಟಗೆ ಮಾಡಬೇಡ. ಒಳಗಿನ ಪದರ ಬಟ್ಟೆ ಮಾತ್ರ ಬೇಡ, ಅದು ಅವನಿಗೆ ಇಟ್ಟದ್ದು.

ಕಜ್ಜಾಯ ಮಾಡುತ್ತೇನೆ. ಪೋಸ್ಟಿನಲ್ಲಿ ಕೆಡುವುದಿಲ್ಲ.

ಅತ್ತೆ,
ಗೌರಮ್ಮ

---

ಗ್ವಾಂಗ್‌ಜೌ
9 ನವೆಂಬರ್ 1986

ಪ್ರೀತಿಯ ಅತ್ತೆಗೆ,

ಕರಾರು ಮುಂದುವರಿಯಿತು. ಇನ್ನೂ ಎರಡು ವರ್ಷ.

ಹಾಂಗ್‌ಕಾಂಗ್‌ನವಳು ಮಾತು ಉಳಿಸಿಕೊಂಡಳು. ಮೇಳಕ್ಕೆ ಬಂದಿದ್ದ ಇಬ್ಬರನ್ನು ನಮ್ಮ ಮೆಟ್ಟಿಲು ಹತ್ತಿಸಿದಳು. ಒಬ್ಬ ಸೈಕಲ್ ಅಂಗಡಿಯ ಗ್ರೀಸಿಗೆ ಪ್ಯಾಂಟು ತಾಗಿಸಿಕೊಂಡು ಬೈಯುತ್ತಾ ಬಂದ, ಹೋಗುವಾಗ ಆರ್ಡರು ಕೊಟ್ಟು ಹೋದ. ಶ್ರೀಮಂತರೇನೂ ಆಗಲಿಲ್ಲ. ಬಜಾರಿನವರ ಸ್ಕರ್ಟು ಹೊಲಿಯುವುದು ನಿಂತಿತು, ಅಷ್ಟು ಸಾಕು. ಹೊಲಿಯಲು ಇನ್ನೊಬ್ಬಳು ಬರುತ್ತಿದ್ದಾಳೆ.

ತಮಾಷೆ ಕೇಳಿ. ಕಿಟಕಿಗೆ ಹಾಕಿದ ಎರಡೇ ದಿನಕ್ಕೆ ಪಕ್ಕದ ಬೀದಿಯಲ್ಲಿ ಎಂದಿನಂತೆ ನಕಲು ಬಂತು. ನಾನು, ಆ-ಫಾಂಗ್ ಓಡಿಹೋಗಿ ನೋಡಿದೆವು. ಬಣ್ಣ ಅದೇ, ಕಾಲರು ಅದೇ. ಆದರೆ ಎರಡು ಭುಜವೂ ಸಮ! ನಾವು ಕತ್ತರಿಸುವಾಗ ತಪ್ಪು ಮಾಡಿದ್ದೇವೆ ಅಂದುಕೊಂಡು ತಿದ್ದಿಬಿಟ್ಟಿದ್ದರು. ಸಾದಾ ಗಂಡಸರ ಅಂಗಿಯ ಹಾಗೆ ನೇತಾಡುತ್ತಿತ್ತು. ಆ-ಫಾಂಗ್ ಬೀದಿಯಲ್ಲೇ ಕೂತು ನಕ್ಕಳು. ಆಮೇಲೆ ಇನ್ನಿಬ್ಬರು ನಕಲು ಮಾಡಿದರು, ಅವರೂ ತಿದ್ದಿದರು. ಒಳ್ಳೆಯ ಕೆಲಸಗಾರರಿಗೆ ಸೊಟ್ಟ ಕತ್ತರಿಸಲು ಕೈ ಬರುವುದಿಲ್ಲ, ಅತ್ತೆ. ಆ-ಫಾಂಗ್‌ಗೆ ಕೂಡ, ಅಳತೆ ಬಟ್ಟೆ ಅಂತ ನಾನು ಹೆದರಿಸಿರದಿದ್ದರೆ ಬರುತ್ತಿರಲಿಲ್ಲ.

ಕತ್ತರಿಸುವ ಕಾಗದದ ಮೇಲೆ ಪ್ರತಿ ಡಿಸೈನಿಗೂ ಹೆಸರು ಬರೆದಿಡಬೇಕು. ನಾನು ಏನು ಬರೆಯಲಿ ಎಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ಅವಳು ಬರೆದೇಬಿಟ್ಟಿದ್ದಳು. 'ನೈನೈ' ಎಂದು. ಈಗ ಹಾಂಗ್‌ಕಾಂಗ್‌ನವಳು ಕೂಡ ಇಷ್ಟು ನೈನೈ ಕಳಿಸಿ ಎಂದು ಟೆಲಿಗ್ರಾಂ ಕೊಡುತ್ತಾಳೆ.

ನೀಲಿ ಗೀಟಿನ ಅಂಗಿ ನನ್ನ ಹತ್ತಿರ ಇದೆ. ವಾಪಸು ಕಳಿಸಬೇಡ ಎಂದಿದ್ದಿರಿ, ಕಳಿಸುವುದಿಲ್ಲ. ಚಳಿ ಶುರುವಾಗಿದೆ, ಕೆಲಸ ಮಾಡುವಾಗ ಮೇಲೆ ಹಾಕಿಕೊಳ್ಳುತ್ತೇನೆ.

ನಿಮಗೆಂದು ತೆಗೆದಿಟ್ಟ ರೇಷ್ಮೆ ಹೀಗೆ ಹೋಯಿತು. ಬೇರೆ ತಂದಿದ್ದೇನೆ. ಈ ಸಲವಾದರೂ ಅಳತೆ ರವಿಕೆ ಕಳಿಸಿ. ಬಾಟಲಿಗೆ ಏನೂ ಸುತ್ತಬೇಡಿ. ಸುತ್ತಿದರೆ ಆ-ಫಾಂಗ್ ಅದನ್ನೂ ಹೊಲಿದುಬಿಡುತ್ತಾಳೆ.

ನಿಮ್ಮ
ಇಂದು

---

ನೆವಾರ್ಕ್
4 ಜನವರಿ 1987

ಚಿ. ಸೌ. ಇಂದುಗೆ,

ಹೌದು, ತಿಳಿದೇ ಬರೆದಿದ್ದೇನೆ. ಕರಾರು ಮುಂದುವರಿಸಿದವಳು, ಕೆಲಸಕ್ಕೆ ಜನ ಇಟ್ಟುಕೊಂಡವಳು, ಚಳಿಗೆ ಗಂಡನ ಅಂಗಿ ಹಾಕಿಕೊಂಡು ಕೂತವಳು. ಆ ಅಕ್ಷರ ನಿನಗೆ ಅಲ್ಲದೆ ಇನ್ಯಾರಿಗೆ ಬರೆಯಲಿ? ಪದ್ಮಜಾ ನೋಡಿದಳು. ಕವರಿನ ಮೇಲೂ ಹಾಗೇ ಬರೆಯಮ್ಮ ಎಂದಳು.

ನಕಲಿನವರ ಕಥೆಯನ್ನು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಮನೆಗೆ ಬರುವಾಗ ದಾರಿಯಲ್ಲಿ ಉಪ್ಪಿನ ಗುಡ್ಡೆಗಳ ಮೇಲೆ ಬಿಸಿಲು ಬಿದ್ದಿತ್ತು. ನಾನು ಒಬ್ಬಳೇ ಇನ್ನೊಂದು ಸಲ ನಕ್ಕೆ.

ಅಳತೆ ರವಿಕೆ ಹುಡುಕಿದೆ. ಪೆಟ್ಟಿಗೆಯಲ್ಲಿ ಒಂದಿತ್ತು, ಜಯನ ಮದುವೆಗೆ ಹೊಲಿದುಕೊಂಡದ್ದು. ಹಾಕಿ ನೋಡಿದೆ. ತೋಳಿನಲ್ಲಿ ಇಬ್ಬರು ಹೋಗಬಹುದು. ಈ ಎರಡು ವರ್ಷದಲ್ಲಿ ನಾನು ಇಷ್ಟು ಇಳಿದಿದ್ದೇನೆ ಎಂದು ಕನ್ನಡಿ ಹೇಳಿರಲಿಲ್ಲ, ರವಿಕೆ ಹೇಳಿತು. ಅದನ್ನು ಕಳಿಸಿದರೆ ಆ-ಫಾಂಗ್ ಒಂದು ನೂಲೂ ಆಚೀಚೆ ಮಾಡದೆ ಹಳೆಯ ಗೌರಮ್ಮನಿಗೆ ಹೊಲಿದಿಡುತ್ತಾಳೆ. ಅದಕ್ಕೆ ಕಳಿಸುತ್ತಿಲ್ಲ.

ಪದ್ಮಜಾ ಮಾರ್ಚಿಗೆ ಟಿಕೆಟ್ಟು ಮಾಡಿಸಿದ್ದಾಳೆ. ಹಾಂಗ್‌ಕಾಂಗ್‌ವರೆಗೆ ವಿಮಾನ, ಅಲ್ಲಿಂದ ನೀನು ರೈಲಿನಲ್ಲಿ ಕರೆದುಕೊಂಡು ಹೋಗಬೇಕು. ಚಟ್ನಿಪುಡಿಯನ್ನು ಈ ಸಲ ಕೈಯಲ್ಲೇ ತರುತ್ತೇನೆ. ಎಡಗಡೆ ಹೆಗಲು ಇಳಿಸಿ ಕತ್ತರಿಸುವಾಗ ಕಂಕುಳ ಹತ್ತಿರ ಕತ್ತರಿಯನ್ನು ಸ್ವಲ್ಪ ಹೊರಳಿಸಬೇಕು, ಅದು ಬರೆದರೆ ತಿಳಿಯುವುದಿಲ್ಲ. ನಿನ್ನ ಹೊಸ ಹುಡುಗಿಗೆ ತೋರಿಸಿಕೊಡುತ್ತೇನೆ.

ರೇಷ್ಮೆ ಕತ್ತರಿಸಬೇಡ, ಹಾಗೇ ಇಟ್ಟಿರು. ನಾನು ಬಂದು ನಿಲ್ಲುತ್ತೇನೆ, ನೀನು ಟೇಪು ಹಿಡಿ.

ಬರುತ್ತಿರುವ
ನೈನೈ